ಹೊಲ ನಮ್ಮದು, ಪ್ರಬಂಧ ಯಾರದು? ಕಲ್ಯಾಣದ ವಿಶ್ವವಿದ್ಯಾಲಯಗಳು ಮತ್ತು ವಿದೇಶಿ ಪಾಲುದಾರಿಕೆ

ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರ ಇಸಾಂಪುರ ಅಂತ ಒಂದು ಊರಿದೆ. ಕಲಬುರಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿದರೆ ಹೆಚ್ಚಿನವರು ಗೊತ್ತಿಲ್ಲ ಎಂದಾರು. ಆದರೆ ಶಿಲಾಯುಗ ಓದುವವರಿಗೆ, ಅವರು ಯಾವ ದೇಶದವರೇ ಇರಲಿ, ಅದು ಪರಿಚಿತ ಹೆಸರು. ಆದಿಮಾನವರು ಸುಣ್ಣಕಲ್ಲಿನ ಬಂಡೆ ಒಡೆದು ಕೈಗೊಡಲಿ ಮಾಡಿಕೊಳ್ಳುತ್ತಿದ್ದ ಜಾಗ ಅಲ್ಲಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಹುಣಸಗಿ, ಬೈಚಬಾಳ ಕಣಿವೆಗಳನ್ನು ದಶಕಗಳ ಕಾಲ ಸುತ್ತಿ, 1990ರ ದಶಕದ ಕೊನೆಯಲ್ಲಿ ಇಸಾಂಪುರದಲ್ಲಿ ಉತ್ಖನನ ನಡೆಸಿದರು. ಅಲ್ಲಿ ಸಿಕ್ಕ ಮೇವು ತಿನ್ನುವ ಪ್ರಾಣಿಗಳ ಹಲ್ಲುಗಳನ್ನು ಅಮೆರಿಕದ ವಿಲಿಯಮ್ಸ್ ಕಾಲೇಜಿನ ಬಾನಿ ಬ್ಲ್ಯಾಕ್‌ವೆಲ್ ಮತ್ತು ಅವರ ಸಂಗಡಿಗರು ಪರೀಕ್ಷಿಸಿದರು. ಹೂತ ಹಲ್ಲಿನ ಎನಾಮೆಲ್ ಸುತ್ತಲಿನ ಮಣ್ಣಿನ ವಿಕಿರಣವನ್ನು ಹೀರುತ್ತಲೇ ಹೋಗುತ್ತದೆ. ಎಷ್ಟು ಹೀರಿದೆ ಎಂದು ಅಳೆದರೆ ಎಷ್ಟು ಕಾಲ ಮಣ್ಣಲ್ಲಿತ್ತು ಎಂದು ಲೆಕ್ಕ ಹಾಕಬಹುದು. 2002ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಬಂಧದ ಉತ್ತರ: ಸುಮಾರು 12 ಲಕ್ಷ ವರ್ಷ. ಲೇಖಕರಲ್ಲಿ ಪುಣೆಯವರಿದ್ದರು, ವಿಲಿಯಮ್ಸ್ ಕಾಲೇಜಿನವರಿದ್ದರು, ಅಮೆರಿಕದ ಪುರಾತತ್ವಜ್ಞ ಮೈಕೆಲ್ ಪೆಟ್ರಾಗ್ಲಿಯಾ ಇದ್ದರು.

ಕಲಬುರಗಿ ಭಾಗದ ಯಾವ ವಿಶ್ವವಿದ್ಯಾಲಯದ ಹೆಸರೂ ಆ ಪಟ್ಟಿಯಲ್ಲಿಲ್ಲ.

ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಕಥೆಯೂ ಹೆಚ್ಚುಕಡಿಮೆ ಹೀಗೇ. 1986ರಿಂದ 1989ರವರೆಗೆ ಅಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಜೊತೆ ಬ್ರಿಟಿಷ್ ತಂಡವೊಂದು ಅಗೆಯಿತು. ಚಂದ್ರಲಾಂಬಾ ಗುಡಿಯಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪವನ್ನು 1990ರ ದಶಕದಲ್ಲಿ ಪುರಾತತ್ವ ಇಲಾಖೆಯೇ ಮಣ್ಣಿನಿಂದ ಮೇಲೆತ್ತಿತು. ‘ರಾಯೋ ಅಸೋಕೋ’ ಎಂಬ ಬರಹವಿರುವ ಅಶೋಕನ ಚಿತ್ರಫಲಕ ಸಿಕ್ಕಿದ್ದು ಅಲ್ಲೇ. ಆ ಶಾಸನಗಳನ್ನೆಲ್ಲ ಒಂದೆಡೆ ಸೇರಿಸಿ ಓದಿಸಿದ ಸಂಪುಟ ಬಂದಿದ್ದು 2014ರಲ್ಲಿ, ಟೋಕಿಯೋದಿಂದ. ಸಿದ್ಧಪಡಿಸಿದವರು ಮೈಕೋ ನಾಕಾನಿಶಿ ಮತ್ತು ಜರ್ಮನಿಯ ಓಸ್ಕರ್ ಫಾನ್ ಹಿನ್ಯೂಬರ್. ಸ್ತೂಪದ ಗುಮ್ಮಟಕ್ಕೆ ಹೊದಿಸಿದ್ದ ಶಿಲಾಫಲಕಗಳ ಮೇಲಿನ ದೊಡ್ಡ ಅಧ್ಯಯನ 2018ರಲ್ಲಿ ಬಂತು, ಅದನ್ನು ಬರೆದವರು ಮೋನಿಕಾ ಸಿನ್. ಅವರು ಕೆಲಸ ಮಾಡುವುದೂ ಜರ್ಮನಿಯಲ್ಲೇ.

ಇವರೆಲ್ಲ ಮಾಡಿದ್ದು ಮೇಲ್ಮಟ್ಟದ ವಿದ್ವತ್ತಿನ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ನನಗೆ ಕಾಣುವ ಸಮಸ್ಯೆ ಬೇರೆ. ‘ನಮ್ಮ ವಿವಿಗಳು ಅಂತರರಾಷ್ಟ್ರೀಯ ಮಟ್ಟಕ್ಕೆ ಹೋಗಬೇಕು’ ಎಂದು ಪ್ರತಿ ಘಟಿಕೋತ್ಸವದಲ್ಲೂ ಭಾಷಣ ಕೇಳುತ್ತೇವೆ. ಹೊರದೇಶದ ಸಂಶೋಧನೆ ಕಲಬುರಗಿ, ಯಾದಗಿರಿ, ಬೀದರ್ ಈ ಮೂರು ಜಿಲ್ಲೆಗಳಿಗೆ ಬಂದು ಬಹಳ ಕಾಲವಾಯಿತು. ಬಂದಾಗ ನಾವು ಒದಗಿಸಿದ್ದು ಜಾಗ, ಮಣ್ಣು, ಕಲ್ಲು, ಬೀಜ ಮತ್ತು ಅಗೆಯುವ ಕೂಲಿ. ಪ್ರಶ್ನೆ ಕೇಳುವ ಕೆಲಸ, ಅಳೆಯುವ ಕೆಲಸ, ಬರೆಯುವ ಕೆಲಸ ಪುಣೆ, ಹೈದರಾಬಾದ್, ದಿಲ್ಲಿ, ಅಲ್ಲಿಂದಾಚೆ ಟೋಕಿಯೋ, ಜರ್ಮನಿ ಪಾಲಾಯಿತು. ಅಂದರೆ ಇಲ್ಲಿಯ ವಿಶ್ವವಿದ್ಯಾಲಯಗಳು ದಾಟಬೇಕಾದ ಮೊದಲ ಗಡಿ ದೇಶದ್ದಲ್ಲ, ಹೊಲಕ್ಕೂ ಪ್ರಯೋಗಾಲಯಕ್ಕೂ ನಡುವಿನದು. ಅದನ್ನು ದಾಟದೆ ಎಷ್ಟು ಒಡಂಬಡಿಕೆಗೆ ಸಹಿ ಹಾಕಿದರೂ ಕುಳಿತ ಜಾಗ ಬದಲಾಗುವುದಿಲ್ಲ.

ಸಹಿಯ ಫೋಟೊ ಮತ್ತು ಅದರ ಹಿಂದಿನ ಕಾಗದ

ಒಡಂಬಡಿಕೆಯ ಸುದ್ದಿ ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಕುಲಪತಿಗಳು, ಕುಲಸಚಿವರು, ವಿದೇಶಿ ಅತಿಥಿ, ಶಾಲು, ಹಾರ, ಎರಡು ಫೈಲು, ಮರುದಿನ ಪತ್ರಿಕೆಯ ಸ್ಥಳೀಯ ಪುಟ. ಆ ಫೈಲಿನೊಳಗಿನ ಕಾಗದ ಸಾಮಾನ್ಯವಾಗಿ ನಾಲ್ಕೈದು ಪುಟದ್ದು. ‘ಅಧ್ಯಾಪಕರ ವಿನಿಮಯ, ವಿದ್ಯಾರ್ಥಿಗಳ ವಿನಿಮಯ, ಜಂಟಿ ಸಂಶೋಧನೆ’ ಎಂಬ ಮೂರು ಸಾಲು ಬಹುಪಾಲು ಎಲ್ಲದರಲ್ಲೂ ಇರುತ್ತವೆ. ಜೊತೆಗೆ, ಯಾವ ಪಕ್ಷಕ್ಕೂ ಹಣಕಾಸಿನ ಹೊಣೆ ಇಲ್ಲ ಎಂಬ ಷರತ್ತು. ಕಾನೂನಿನ ಬಲವೂ ಇಲ್ಲ, ಬಜೆಟ್ಟೂ ಇಲ್ಲ. ಐದು ವರ್ಷಕ್ಕೆ ಅವಧಿ ಮುಗಿಯುತ್ತದೆ.

ಆದರೂ ಇಂಥ ಕಾಗದಕ್ಕೆ ಇಷ್ಟು ಗಿರಾಕಿ ಯಾಕೆ? ಒಂದು ಕಾರಣ ನ್ಯಾಕ್, ಅಂದರೆ ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿ. ಅದರ ಮೌಲ್ಯಮಾಪನದಲ್ಲಿ ಸಂಶೋಧನೆಯ ಅಧ್ಯಾಯದಡಿ ಸಹಯೋಗಕ್ಕೆ ಅಂಕಗಳಿವೆ, ಚಾಲ್ತಿಯಲ್ಲಿರುವ ಒಡಂಬಡಿಕೆಗಳ ಸಂಖ್ಯೆ ತೋರಿಸಬೇಕು. ಎಣಿಸುವ ವಸ್ತು ಯಾವುದೋ ಅದೇ ಹೆಚ್ಚುತ್ತದೆ. ಇದರಲ್ಲಿ ಕಲಬುರಗಿಯ ತಪ್ಪು ವಿಶೇಷವಾಗಿ ಏನೂ ಇಲ್ಲ, ದೇಶವೆಲ್ಲ ಹೀಗೇ.

ನಿಜವಾದ ಪಾಲುದಾರಿಕೆ ಇರುವುದು ಆಮೇಲೆ ಬರೆಯುವ ಕಾಗದಗಳಲ್ಲಿ, ಮತ್ತು ಅವಕ್ಕೆ ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ. ಯಾರಿಗೆ ಎಷ್ಟು ಹಣ, ಯಾವ ಖಾತೆಗೆ, ಯಾವ ತಿಂಗಳು? ಮಾದರಿಗಳು ಎಲ್ಲಿ ಉಳಿಯುತ್ತವೆ, ಯೋಜನೆ ಮುಗಿದ ಮೇಲೆ ಯಾರ ಫ್ರಿಜ್ಜಿನಲ್ಲಿ? ದತ್ತಾಂಶದ ಮೂಲಪ್ರತಿ ಯಾರ ಸರ್ವರಿನಲ್ಲಿ? ಮೊದಲ ಲೇಖಕ ಯಾರು, ಅದನ್ನು ತೀರ್ಮಾನಿಸುವುದು ಯಾವಾಗ? ಪೇಟೆಂಟ್ ಬಂದರೆ ಪಾಲೆಷ್ಟು? ಇಲ್ಲಿಯ ಪಿಎಚ್‌.ಡಿ ವಿದ್ಯಾರ್ಥಿ ಅಲ್ಲಿಯ ಯಂತ್ರದ ಮುಂದೆ ಕುಳಿತು ಕಲಿಯುತ್ತಾನೋ ಅಥವಾ ಮಾದರಿ ಪ್ಯಾಕ್ ಮಾಡಿ ಕಳಿಸಿ ಇಮೇಲ್ ಕಾಯುತ್ತಾನೋ? ಈ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟುಕೊಳ್ಳದವರು ಕೊನೆಗೆ ಪ್ರಬಂಧದ ಅಡಿಯಲ್ಲಿ ‘ಕೃತಜ್ಞತೆಗಳು’ ವಿಭಾಗದಲ್ಲಿ ಉಳಿಯುತ್ತಾರೆ.

ಈ ಅಸಮಾನತೆಯ ಬಗ್ಗೆ ಜಗತ್ತಿನಲ್ಲಿ ಚರ್ಚೆ ನಡೆದೇ ಇದೆ. ಸ್ವಿಟ್ಜರ್ಲೆಂಡಿನ ವಿಜ್ಞಾನ ಅಕಾಡೆಮಿಗಳ ಆಯೋಗವೊಂದು 2012ರಲ್ಲಿ ಗಡಿಯಾಚೆಯ ಪಾಲುದಾರಿಕೆಗೆ 11 ತತ್ವಗಳನ್ನು ಕೊಟ್ಟಿತು; ಮೊದಲನೆಯದೇ ‘ಕಾರ್ಯಸೂಚಿಯನ್ನು ಕೂಡಿ ನಿರ್ಧರಿಸಿ’. ದಕ್ಷಿಣ ಆಫ್ರಿಕಾದ ಸಾನ್ ಬುಡಕಟ್ಟಿನವರು 2017ರಲ್ಲಿ ತಮ್ಮ ಮೇಲೆ ಸಂಶೋಧನೆ ಮಾಡಬಯಸುವವರಿಗೆ ತಾವೇ ನೀತಿಸಂಹಿತೆ ಬರೆದರು. 2022ರಲ್ಲಿ ಕೇಪ್‌ಟೌನ್‌ನಲ್ಲಿ ಸೇರಿದ ಸಂಶೋಧನಾ ಪ್ರಾಮಾಣಿಕತೆಯ ವಿಶ್ವ ಸಮ್ಮೇಳನದಿಂದ ನ್ಯಾಯಯುತ ಪಾಲುದಾರಿಕೆಯ ಹೇಳಿಕೆಯೊಂದು ಹೊರಬಂತು. ವಿಮಾನದಲ್ಲಿ ಬಂದು, ಮಾದರಿ ಎತ್ತಿಕೊಂಡು, ಹೇಳದೆ ಹೋಗುವ ಪದ್ಧತಿಗೆ ‘ಹೆಲಿಕಾಪ್ಟರ್ ಸಂಶೋಧನೆ’ ಎಂಬ ಬೈಗುಳವೇ ಚಾಲ್ತಿಗೆ ಬಂದಿದೆ. ಇವೆಲ್ಲ ಒಳ್ಳೆಯವೇ. ಆದರೆ ಇವುಗಳಲ್ಲಿ ಯಾವುದಕ್ಕೂ ದಂಡ ಹಾಕುವ ಅಧಿಕಾರವಿಲ್ಲ. ಓದಿಕೊಂಡು ಹೋಗಿ ಮೇಜಿನ ಮೇಲೆ ಇಡುವವರಿದ್ದರೆ ಮಾತ್ರ ಕೆಲಸಕ್ಕೆ ಬರುತ್ತವೆ.

ತೊಗರಿ ಹೇಳುವ ಪಾಠ

ಕಲಬುರಗಿಗೆ ಅಂತರರಾಷ್ಟ್ರೀಯ ಸಂಶೋಧನೆ ಅತ್ಯಂತ ಹತ್ತಿರ ಬಂದದ್ದು ತೊಗರಿಯಲ್ಲಿ. 1972ರಲ್ಲಿ ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಶುರುವಾಯಿತು. ಅರೆಶುಷ್ಕ ಪ್ರದೇಶದ ಬೆಳೆಗಳಿಗಾಗಿಯೇ ಹುಟ್ಟಿದ ಅಂತರರಾಷ್ಟ್ರೀಯ ಸಂಸ್ಥೆ ಅದು. ಅದರ ಜೀನ್ ಬ್ಯಾಂಕಿನಲ್ಲಿ ತೊಗರಿಯದೇ 13 ಸಾವಿರಕ್ಕೂ ಹೆಚ್ಚು ತಳಿ ಮಾದರಿಗಳಿವೆ. ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗುತ್ತಿದ್ದ ಕಾಲದಲ್ಲಿ ಅಲ್ಲಿಂದ ಬಂದ ‘ಮಾರುತಿ’ ಮತ್ತು ‘ಆಶಾ’ ತಳಿಗಳ ಹೆಸರು ಈ ಭಾಗದ ರೈತರಿಗೆ ಬಾಯಿಪಾಠ. ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ಆಮೇಲೆ ಬಂತು.

2011ರ ನವೆಂಬರಿನಲ್ಲಿ ತೊಗರಿಯ ಜೀನೋಮ್, ಅಂದರೆ ಅದರ ಜೀನ್‌ಗಳ ಪೂರ್ತಿ ನಕ್ಷೆಯ ಕರಡು, ಪ್ರಕಟವಾಯಿತು. ಇಕ್ರಿಸ್ಯಾಟ್ ಮುಂದಾಳತ್ವ, ಚೀನಾದ ಜೀನೋಮ್ ಸಂಸ್ಥೆ ಬಿಜಿಐ, ಅಮೆರಿಕದ ಜಾರ್ಜಿಯಾ ಮತ್ತು ಕ್ಯಾಲಿಫೋರ್ನಿಯಾ ಡೇವಿಸ್ ವಿಶ್ವವಿದ್ಯಾಲಯಗಳು, ಐರ್ಲೆಂಡಿನ ವಿಶ್ವವಿದ್ಯಾಲಯ ಹೀಗೆ ಹಲವು ದೇಶಗಳ ಕೂಟ. 48,680 ಜೀನ್‌ಗಳಿವೆ ಎಂದು ಅಂದಾಜಿಸಿದರು. ಅದೇ ಹೊತ್ತಿಗೆ ದಿಲ್ಲಿಯ ರಾಷ್ಟ್ರೀಯ ಸಸ್ಯ ಜೈವಿಕ ತಂತ್ರಜ್ಞಾನ ಸಂಶೋಧನಾ ಕೇಂದ್ರವೂ ತನ್ನದೊಂದು ಕರಡು ಹೊರತಂದಿತ್ತು. ಎರಡೂ ತಂಡ ಆರಿಸಿಕೊಂಡ ತಳಿ ಒಂದೇ, ಆಶಾ.

ಇದರಲ್ಲಿ ಕಲಬುರಗಿ ಎಲ್ಲಿದೆ? ಜೀನೋಮ್ ಓದುವ ಹಂತದಲ್ಲಿ ಕಾಣುವುದಿಲ್ಲ. ಓದಿದ ಮೇಲೆ, ನೆಟೆ ರೋಗ ತಡೆಯುವ ಗುಣ ಯಾವ ಜೀನಿನ ಸುತ್ತ ಇದೆ ಎಂದು ಹುಡುಕುವ ಹಂತದಲ್ಲಿ ಕಾಣುತ್ತದೆ. 2017ರಲ್ಲಿ ಬಂದ ಅಂಥ ಪ್ರಬಂಧವೊಂದರ ಲೇಖಕರಲ್ಲಿ ಇಲ್ಲಿಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಯೂ ಇದ್ದಾರೆ. ಯಾಕೆಂದರೆ ಆ ಕೆಲಸ ಇಲ್ಲಿಯ ಹೊಲವಿಲ್ಲದೆ ಆಗುತ್ತಿರಲಿಲ್ಲ. ರೋಗಾಣು ತುಂಬಿದ ಮಣ್ಣಿನಲ್ಲಿ ಸಾಲು ಸಾಲು ಗಿಡ ಬೆಳೆಸಿ, ಯಾವುದು ಒಣಗಿತು ಯಾವುದು ನಿಂತಿತು ಎಂದು ಹಂಗಾಮಿನ ಮೇಲೆ ಹಂಗಾಮು ಬರೆದಿಟ್ಟ ಪುಸ್ತಕ ಬೇಕು. ಜೀನ್ ಓದುವ ಯಂತ್ರ ಯಾವ ದೇಶದಲ್ಲಾದರೂ ಸಿಗುತ್ತದೆ. ನೆಟೆ ರೋಗದ ಹೊಲ ಮತ್ತು ಅದನ್ನು ಓದಬಲ್ಲ ಕಣ್ಣು ಸಿಗುವುದಿಲ್ಲ.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಕೇವಲ ಕಚ್ಚಾ ಮಾಲು ಕೊಡುವ ಜಾಗಕ್ಕೆ ಲೇಖಕಪಟ್ಟಿಯಲ್ಲಿ ಸ್ಥಾನವಿಲ್ಲ. ಅಳೆದು, ದಾಖಲಿಸಿ, ವರ್ಷಗಟ್ಟಲೆ ಇಟ್ಟುಕೊಂಡ ಜಾಗಕ್ಕೆ ಇದೆ. ಇಸಾಂಪುರದಲ್ಲೂ ಪುಣೆ ಸಮಪಾಲುದಾರ ಆದದ್ದು ಹಾಗೇ: ಅಮೆರಿಕದವರಿಗೆ ಹಲ್ಲು ಅಳೆಯುವುದು ಗೊತ್ತಿತ್ತು, ಯಾವ ಹಲ್ಲು ಯಾವ ಪದರದ್ದು ಎಂಬುದು ಪದ್ದಯ್ಯ ಅವರಿಗೆ ಗೊತ್ತಿತ್ತು.

ತೊಗರಿಯ ವಿಷಯದಲ್ಲಿ ಕಾನೂನಿನ ಬಲವೂ ನಮ್ಮ ಕಡೆ ಇದೆ, ಬಳಸಿಕೊಂಡರೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ವಿದೇಶಿ ಸಂಸ್ಥೆ ಇಲ್ಲಿಯ ಜೈವಿಕ ಸಂಪತ್ತನ್ನು ಸಂಶೋಧನೆಗೆ ಬಳಸಬೇಕಾದರೆ ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಆದರೆ ಐದನೆಯ ಸೆಕ್ಷನ್ ಒಂದು ಬಾಗಿಲು ತೆರೆದಿಟ್ಟಿದೆ. ಭಾರತದ ಸಂಸ್ಥೆ ಮತ್ತು ಹೊರದೇಶದ ಸಂಸ್ಥೆ ಸೇರಿ ಮಾಡುವ ಯೋಜನೆ ಕೇಂದ್ರದ ಮಾರ್ಗಸೂಚಿಗೆ ಒಪ್ಪಿ, ಕೇಂದ್ರದ ಅನುಮೋದನೆ ಪಡೆದಿದ್ದರೆ ಆ ಅನುಮತಿಯ ಗೊಡವೆ ಇಲ್ಲ. ಅಂದರೆ ವಿದೇಶಿ ವಿಜ್ಞಾನಿಗೆ ಇಲ್ಲಿ ಒಬ್ಬ ನಿಜವಾದ ಜೊತೆಗಾರ ಇದ್ದರೆ ದಾರಿ ಸಲೀಸು ಎಂದು ಕಾಯ್ದೆಯೇ ಹೇಳಿದಂತಾಯಿತು. 2023ರ ತಿದ್ದುಪಡಿಯಲ್ಲಿ ಉಲ್ಲಂಘನೆಗೆ ಇದ್ದ ಜೈಲು ಶಿಕ್ಷೆ ಹೋಗಿ ದಂಡ ಬಂದಿದೆ. ಬಿಗಿ ಸಡಿಲವಾಯಿತು ಎಂಬ ಟೀಕೆ ಇದೆ, ಹೆದರಿಕೆ ಕಡಿಮೆಯಾಗಿ ಸಂಶೋಧನೆ ಹೆಚ್ಚೀತು ಎಂಬ ವಾದವೂ ಇದೆ.

ಕಾಯ್ದೆ ಬರೆದ ಕಾಲದಲ್ಲಿ ಸಂಪತ್ತು ಎಂದರೆ ಪೊಟ್ಟಣದಲ್ಲಿ ಹೋಗುವ ಬೀಜ. ಈಗ ಬೀಜ ಗಡಿ ದಾಟಬೇಕಾಗಿಲ್ಲ. ಒಮ್ಮೆ ಜೀನ್ ಓದಿ ಅಂತರ್ಜಾಲದಲ್ಲಿ ಹಾಕಿದರೆ ಆಯಿತು, ಯಾವ ದೇಶದ ಯಾವ ಕಂಪನಿಯಾದರೂ ಇಳಿಸಿಕೊಳ್ಳಬಹುದು. ಈ ತೊಡಕಿಗೆ 2022ರ ಮಾಂಟ್ರಿಯಲ್ ಜೀವವೈವಿಧ್ಯ ಸಮ್ಮೇಳನದಲ್ಲಿ ಬಹುಪಕ್ಷೀಯ ವ್ಯವಸ್ಥೆ ಮಾಡುವ ತೀರ್ಮಾನವಾಯಿತು. 2024ರಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ಅದಕ್ಕೊಂದು ನಿಧಿ ರೂಪುಗೊಂಡಿತು: ಇಂಥ ಮಾಹಿತಿಯಿಂದ ಲಾಭ ಮಾಡುವ ದೊಡ್ಡ ಕಂಪನಿಗಳು ಲಾಭದ ಶೇ 1 ಅಥವಾ ಆದಾಯದ ಶೇ 0.1ರಷ್ಟು ಕೊಡಬೇಕು ಎಂಬ ಸೂಚನೆ. ಕಡ್ಡಾಯವಿಲ್ಲ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ನಮ್ಮ ತೊಗರಿ ಬೇಳೆಗೆ ಮಾರುಕಟ್ಟೆಯಲ್ಲಿ ಹೆಸರಿನ ರಕ್ಷಣೆ ಇದೆ, ಆ ಬೇಳೆಯೊಳಗಿನ ಜೀನಿನ ಮಾಹಿತಿಗೆ ಅಂಥ ರಕ್ಷಣೆ ಸಿಗುವುದಿಲ್ಲ. ಪಾಲುದಾರಿಕೆಯ ಕಾಗದ ಬರೆಯುವಾಗಲೇ ದತ್ತಾಂಶದ ಷರತ್ತು ಹಾಕಿಕೊಳ್ಳಬೇಕು ಎನ್ನುವುದು ಇದಕ್ಕೇ.

ದುಡ್ಡು ಕೊಡುವವರು ಕೈ ಹಿಂದೆಗೆದಾಗ

ವಿದೇಶಿ ಅನುದಾನ ಎಂದರೆ ದೊಡ್ಡ ಮೊತ್ತ ಎಂಬ ಕಲ್ಪನೆ ಇದೆ. ಮೊತ್ತದ ಒಳಗೆ ಹೋಗಿ ನೋಡಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ಸಂಶೋಧನೆಗೆ ಹಣ ಕೊಡುವಾಗ ಕಟ್ಟಡ, ವಿದ್ಯುತ್, ಲೆಕ್ಕಪತ್ರ ಇಂಥವಕ್ಕೆ ‘ಓವರ್‌ಹೆಡ್’ ಅಂತ ಬೇರೆ ಪಾಲು ಕೊಡುತ್ತದೆ. ಅಲ್ಲಿಯ ಹಲವು ದೊಡ್ಡ ವಿಶ್ವವಿದ್ಯಾಲಯಗಳು ಮಾತಾಡಿಕೊಂಡ ದರ ಶೇ 50ನ್ನೂ ದಾಟುತ್ತದೆ. ಅದೇ ಯೋಜನೆಯಲ್ಲಿ ಹೊರದೇಶದ ಸಂಸ್ಥೆಗೆ ಸಿಗುವ ಮಿತಿ ಶೇ 8. ಕೆಲಸ ನಡೆಯುವ ಜಿಲ್ಲೆಯ ಕಾಲೇಜಿಗೆ ಜನರೇಟರ್ ಡೀಸೆಲ್‌ಗೂ ಸಾಲದ ಪಾಲು. ಯೋಜನೆ ಮುಗಿದಾಗ ಅಲ್ಲೊಂದು ಹೊಸ ಪ್ರಯೋಗಾಲಯ, ಇಲ್ಲೊಂದು ಹಳೆ ಕಂಪ್ಯೂಟರ್ ಉಳಿಯುವುದರಲ್ಲಿ ಆಶ್ಚರ್ಯವಿಲ್ಲ.

ಈಗ ಅದೂ ಅಲುಗಾಡುತ್ತಿದೆ. 2025ರ ಮೇ ತಿಂಗಳಲ್ಲಿ ಎನ್‌ಐಎಚ್, ತನ್ನ ಅನುದಾನ ಪಡೆದ ಸಂಸ್ಥೆಗಳು ಹೊರದೇಶದ ಪಾಲುದಾರರಿಗೆ ಉಪ ಅನುದಾನ ಹಂಚುವ ಹಳೆಯ ಪದ್ಧತಿಯನ್ನು ನಿಲ್ಲಿಸಿತು, ಹೊಸ ವ್ಯವಸ್ಥೆ ತರುತ್ತೇವೆ ಎಂದಿತು. ಅದೇ ವರ್ಷ ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಮುಚ್ಚಿತು. ಅದರ ಜೊತೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿದ್ದ, ಬಡ ದೇಶಗಳ ಬೆಳೆಗಳ ಮೇಲೆ ಕೆಲಸ ಮಾಡುತ್ತಿದ್ದ ‘ಫೀಡ್ ದ ಫ್ಯೂಚರ್’ ಪ್ರಯೋಗಾಲಯಗಳಿಗೆ ಬರುತ್ತಿದ್ದ ಹಣವೂ ನಿಂತಿತು. ಅದಕ್ಕೂ ಮುಂಚೆ, 2021ರಲ್ಲಿ, ಬ್ರಿಟನ್ ತನ್ನ ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.7ರಿಂದ 0.5ಕ್ಕೆ ಇಳಿಸಿದಾಗ ಒಪ್ಪಂದವಾಗಿ ನಡೆಯುತ್ತಿದ್ದ ಸಂಶೋಧನೆಗಳೇ ಅರ್ಧಕ್ಕೆ ನಿಂತವು. ಐರೋಪ್ಯ ಒಕ್ಕೂಟದ ಸಂಶೋಧನಾ ಅನುದಾನ ಯೋಜನೆಯಾದ ಹೊರೈಜನ್ ಯುರೋಪ್‌ನ ಗಾತ್ರ 2021ರಿಂದ 2027ಕ್ಕೆ 9,550 ಕೋಟಿ ಯೂರೊ. ಭಾರತದ ವಿಶ್ವವಿದ್ಯಾಲಯಗಳು ಸೇರಬಹುದು, ಆದರೆ ಹಣ ತಾನಾಗಿ ಸಿಗುವುದಿಲ್ಲ. ಮಧ್ಯಮ ಆದಾಯದ ದೊಡ್ಡ ದೇಶಗಳು ತಮ್ಮ ಖರ್ಚು ತಾವೇ ತರಬೇಕು ಎಂಬ ನಿಯಮ 2014ರಿಂದಲೇ ಬಂದಿದೆ.

ಹಾಗಾದರೆ ನಮ್ಮ ಹಣ ಎಷ್ಟು? ಭಾರತ ಸಂಶೋಧನೆಗೆ ಖರ್ಚು ಮಾಡುವುದು ಜಿಡಿಪಿಯ ಶೇ 0.64. ಅದರಲ್ಲಿ ರಾಜ್ಯ ವಿಶ್ವವಿದ್ಯಾಲಯಗಳ ಪಾಲಿಗೆ ಬರುವುದು ಪಾತ್ರೆ ತೊಳೆದ ನೀರು.

ಬಾಗಿಲಲ್ಲೇ ಅಳತೆಗೋಲು

ಕೇಂದ್ರ ಸರ್ಕಾರದ ಯೋಜನೆಗಳಿವೆಯಲ್ಲ ಎನ್ನಬಹುದು. 2018ರಲ್ಲಿ ಬಂದ ಸ್ಪಾರ್ಕ್ ಯೋಜನೆ ಜಂಟಿ ಸಂಶೋಧನೆಗಾಗಿಯೇ ಇರುವುದು. ಅದಕ್ಕೆ ಅರ್ಜಿ ಹಾಕುವ ಭಾರತೀಯ ಸಂಸ್ಥೆ ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಒಟ್ಟಾರೆ ಅಥವಾ ತನ್ನ ವಿಭಾಗದಲ್ಲಿ ಮೊದಲ ನೂರರೊಳಗಿರಬೇಕು. ಜಂಟಿ ಪದವಿ, ಅವಳಿ ಪದವಿಗಳಿಗಾಗಿ ಯುಜಿಸಿ 2022ರಲ್ಲಿ ತಂದ ನಿಯಮಗಳೂ ಹಾಗೇ: ನ್ಯಾಕ್‌ನಲ್ಲಿ ಕನಿಷ್ಠ 3.01, ಅಥವಾ ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯ ಪಟ್ಟಿಯಲ್ಲಿ ಮೊದಲ ನೂರು, ಇಲ್ಲವೇ ಉತ್ಕೃಷ್ಟ ಸಂಸ್ಥೆಯ ಮುದ್ರೆ. ಆ ಕಡೆಯ ಸಂಸ್ಥೆ ವಿಶ್ವ ರ‍್ಯಾಂಕಿಂಗಿನ ಮೊದಲ ಸಾವಿರದೊಳಗಿರಬೇಕು.

ದೇಶದಲ್ಲಿ 2021-22ರ ಸರ್ಕಾರಿ ಸಮೀಕ್ಷೆಯಲ್ಲಿ ನೋಂದಾಯಿತ ವಿಶ್ವವಿದ್ಯಾಲಯಗಳೇ 1,168. ನೂರರ ಗೆರೆ ಎಳೆದರೆ ಬಹುಪಾಲು ಹೊರಗೆ. ಈ ನಿಯಮದ ಹಿಂದಿನ ಅಂಜಿಕೆ ನನಗೆ ಅರ್ಥವಾಗುತ್ತದೆ. ಹೆಸರಿಗೊಂದು ವಿದೇಶಿ ಸಂಸ್ಥೆ ತೋರಿಸಿ ಫೀಸು ಕೀಳುವ ದಂಧೆ ತಡೆಯಬೇಕು, ಸರಿ. ಆದರೆ ಪದವಿ ಮಾರಾಟಕ್ಕೆ ಹಾಕಿದ ಬೇಲಿಯನ್ನೇ ಸಂಶೋಧನೆಗೂ ಹಾಕಿದರೆ ಒಂದು ಸುಳಿ ಹುಟ್ಟುತ್ತದೆ. ರ‍್ಯಾಂಕಿಂಗಿನಲ್ಲಿ ಮೇಲೆ ಬರಲು ಪ್ರಬಂಧ ಬೇಕು, ಪ್ರಬಂಧಕ್ಕೆ ಸಹಯೋಗ ಬೇಕು, ಸಹಯೋಗಕ್ಕೆ ರ‍್ಯಾಂಕಿಂಗ್ ಬೇಕು. ಸಂವಿಧಾನದ 371(ಜೆ) ವಿಧಿ ಈ ಭಾಗದ ಹುದ್ದೆ ಮತ್ತು ಸೀಟುಗಳಲ್ಲಿ ಹಿಂದುಳಿದಿರುವಿಕೆಯನ್ನು ಒಪ್ಪಿಕೊಂಡಿತು. ಸಂಶೋಧನಾ ಅನುದಾನದ ನಿಯಮಗಳಿಗೆ ಅಂಥ ಪ್ರಜ್ಞೆ ಇನ್ನೂ ಬಂದಿಲ್ಲ. ಸಂಸ್ಥೆಯ ಅಂಕ ನೋಡುವ ಬದಲು ವಿಭಾಗದ ಕೆಲಸ ನೋಡಲಿ. ಒಂದು ವಿಶ್ವವಿದ್ಯಾಲಯ ಒಟ್ಟಾರೆ ಸೊರಗಿದ್ದರೂ ಅದರ ಒಂದು ವಿಭಾಗ ಗಟ್ಟಿಯಾಗಿರಬಹುದು.

ಇಷ್ಟು ಹೇಳಿ ದಿಲ್ಲಿಯ ಮೇಲೆ ಭಾರ ಹಾಕಿ ಕೂರುವಂತಿಲ್ಲ. 1980ರಲ್ಲಿ ಸ್ವತಂತ್ರವಾದ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ಬಂದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಬೀದರ್‌ನಲ್ಲಿ ಕೇಂದ್ರ ಕಚೇರಿ ಇರುವ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಜೊತೆಗೆ ಖಾಸಗಿ ಮತ್ತು ಹೊಸ ಜಿಲ್ಲಾ ವಿಶ್ವವಿದ್ಯಾಲಯಗಳು: ಫಲಕಗಳಿಗೆ ಕೊರತೆ ಇಲ್ಲ. (ಯಾದಗಿರಿಗೆ ಮಾತ್ರ ತನ್ನದೇ ಆದ ಸಾಮಾನ್ಯ ವಿಶ್ವವಿದ್ಯಾಲಯವಿಲ್ಲ, 12 ಲಕ್ಷ ವರ್ಷದ ಇತಿಹಾಸವಿರುವ ಜಿಲ್ಲೆಯ ಕಾಲೇಜುಗಳು ಈಗ ರಾಯಚೂರಿನ ಅಡಿ.) ಕೊರತೆ ಇರುವುದು ಖಾಯಂ ಅಧ್ಯಾಪಕರದು. ರಾಜ್ಯದ ವಿಶ್ವವಿದ್ಯಾಲಯಗಳ ತರಗತಿಗಳು ನಿಂತಿರುವುದೇ ಅತಿಥಿ ಉಪನ್ಯಾಸಕರ ಮೇಲೆ. ಅನುದಾನ ಕೊಡುವ ಸಂಸ್ಥೆಗಳು ಸಾಮಾನ್ಯವಾಗಿ ಯೋಜನೆಯ ಮುಖ್ಯಸ್ಥರಾಗಿ ಖಾಯಂ ಹುದ್ದೆಯವರನ್ನೇ ಕೇಳುತ್ತವೆ. ಹತ್ತು ತಿಂಗಳ ಗುತ್ತಿಗೆಯ ಮೇಲಿರುವ ಅತಿಥಿ ಉಪನ್ಯಾಸಕಿ ಎಷ್ಟೇ ಜಾಣೆಯಾದರೂ ಮೂರು ವರ್ಷದ ಯೋಜನೆಗೆ ಸಹಿ ಹಾಕುವಂತಿಲ್ಲ.

ಇನ್ನು ಕಚೇರಿ. ವಿದೇಶಿ ಪಾಲುದಾರ ಯೋಜನೆ ಶುರುವಾದ ತಿಂಗಳಲ್ಲೇ ರಾಸಾಯನಿಕ ಬೇಕು ಎನ್ನುತ್ತಾನೆ. ಇಲ್ಲಿ ಅದು ಖರೀದಿ ಸಮಿತಿ, ಮೂರು ದರಪಟ್ಟಿ, ಹಣಕಾಸು ಅಧಿಕಾರಿಯ ಟಿಪ್ಪಣಿ ದಾಟುವಷ್ಟರಲ್ಲಿ ಮುಂಗಾರು ಮುಗಿದಿರುತ್ತದೆ. ಆರೋಗ್ಯ ಸಂಶೋಧನೆಯಾದರೆ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ, ಸ್ಥಳೀಯ ನೈತಿಕ ಸಮಿತಿಯ ಒಪ್ಪಿಗೆ, ರಕ್ತದ ಮಾದರಿ ಹೊರಹೋಗುವುದಾದರೆ ಅದರದೇ ಕಾಗದ. ಇದನ್ನೆಲ್ಲ ತಿಳಿದ, ಇದೇ ಕೆಲಸ ಮಾಡುವ ಇಬ್ಬರು ಮೂವರು ಸಿಬ್ಬಂದಿ ಇರುವ ಸಂಶೋಧನಾ ಕಚೇರಿ ಬೆಂಗಳೂರಿನ ಐಐಎಸ್‌ಸಿಯಂಥ ಕಡೆ ಇರುತ್ತದೆ. ಇಲ್ಲಿ ಪ್ರಾಧ್ಯಾಪಕನೇ ಗುಮಾಸ್ತ, ಪ್ರಾಧ್ಯಾಪಕನೇ ವಕೀಲ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ರಸ್ತೆ, ಶಾಲಾ ಕೊಠಡಿ, ಆಸ್ಪತ್ರೆ ಎಲ್ಲ ಬೇಕು. ಅದರ ಒಂದು ಚೂರಿನಲ್ಲಿ ಈ ಭಾಗದ ಎಲ್ಲ ವಿಶ್ವವಿದ್ಯಾಲಯಗಳಿಗೂ ಸೇರಿ ಒಂದೇ ಸಂಶೋಧನಾ ಕಚೇರಿ ಮಾಡಬಹುದು: ಒಪ್ಪಂದ ಓದಬಲ್ಲ ಒಬ್ಬ ವಕೀಲ, ವಿದೇಶಿ ಹಣದ ಲೆಕ್ಕ ಗೊತ್ತಿರುವ ಒಬ್ಬ ಲೆಕ್ಕಿಗ, ಅರ್ಜಿ ಬರೆಯಲು ಕೈಹಿಡಿದು ನಡೆಸುವ ಒಬ್ಬರು. ಓದುವ ಸಾಮಗ್ರಿಯ ತೊಂದರೆ ಒಂದಷ್ಟು ಆಗಲೇ ನೀಗಿದೆ. ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಿಂದ 2025ರ ಜನವರಿಯಿಂದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ತೆರೆದುಕೊಂಡಿವೆ. ಪ್ರಬಂಧ ಸಿಗುವುದಿಲ್ಲ ಎಂಬ ಹಳೆಯ ನೆಪ ಇನ್ನು ನಡೆಯದು.

ಯಾರ ಜೊತೆ, ಯಾವ ಪ್ರಶ್ನೆಗೆ

ಪಾಲುದಾರಿಕೆ ಎಂದ ಕೂಡಲೇ ಆಕ್ಸ್‌ಫರ್ಡ್, ಹಾರ್ವರ್ಡ್ ನೆನಪಾಗುವುದು ಒಂದು ಚಟ. ಬೀದರ್ ಇತಿಹಾಸ ಬೇರೆ ದಿಕ್ಕು ತೋರಿಸುತ್ತದೆ. ಇರಾನಿನ ಗೀಲಾನಿನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಬೀದರ್‌ನಲ್ಲಿ ಮದರಸಾ ಕಟ್ಟಿಸಿದ. ದೊಡ್ಡ ಗ್ರಂಥಾಲಯ, ವಸತಿ, ಅಧ್ಯಾಪಕರಿಗೆ ಸಂಬಳ ಎಲ್ಲ ಇತ್ತು. ಪಶ್ಚಿಮ ಮತ್ತು ಮಧ್ಯ ಏಷ್ಯಾದ ವಿದ್ವಾಂಸರ ಜೊತೆ ಪತ್ರವ್ಯವಹಾರ ನಡೆಯುತ್ತಿತ್ತು. ಪುಸ್ತಕ, ಕಟ್ಟಡ, ಹಣ ಬೀದರ್‌ನದು. ಹಾಗಾಗಿ ಕರೆಯುವ ಅಧಿಕಾರವೂ ಬೀದರ್‌ನದಾಗಿತ್ತು.

ಅದೇ ಕಾಲದ ಇನ್ನೊಂದು ಕೊಡುಗೆ ಕರೇಜ್. ಭೂಮಿಯೊಳಗೆ ಸುರಂಗ ತೋಡಿ, ನಡುನಡುವೆ ಗಾಳಿಬಾವಿ ಬಿಟ್ಟು, ಅಂತರ್ಜಲವನ್ನು ಇಳಿಜಾರಿನಲ್ಲಿ ಹರಿಸುವ ಇರಾನಿನ ತಂತ್ರ. ನೌಬಾದ್‌ನಲ್ಲಿ ಅದು ಈಗಲೂ ಇದೆ. ಹೂಳು ತೆಗೆದು, ನಕ್ಷೆ ಮಾಡಿ ಈಚೆಗೆ ಮತ್ತೆ ಕಾಣುವಂತೆ ಮಾಡಿದ್ದಾರೆ. 2014ರಲ್ಲಿ ಬೀದರ್ ಐತಿಹಾಸಿಕ ನಗರ ವಿಶ್ವ ಸ್ಮಾರಕ ನಿಧಿಯ ಗಮನಪಟ್ಟಿಗೆ ಬಂತು. ಇರಾನಿನಲ್ಲಿ ಇಂಥ ಸುರಂಗಕ್ಕೆ ಕನಾತ್ ಎನ್ನುತ್ತಾರೆ; ಅಲ್ಲಿಯ 11 ಕನಾತ್‌ಗಳು 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅಲ್ಲಿಯ ಯಜ್ದ್ ನಗರದಲ್ಲಿ ಕನಾತ್‌ಗಳ ಅಧ್ಯಯನಕ್ಕಾಗಿಯೇ ಯುನೆಸ್ಕೋ ಆಶ್ರಯದ ಅಂತರರಾಷ್ಟ್ರೀಯ ಕೇಂದ್ರವೊಂದಿದೆ. ಮೆಕ್ಕಲು ಮಣ್ಣು ಕೊರೆದ ಅಲ್ಲಿಯ ಸುರಂಗಕ್ಕೂ ಬೀದರ್‌ನ ಕೆಂಪು ಜಂಬಿಟ್ಟಿಗೆಯಲ್ಲಿ ಕೊರೆದ ಸುರಂಗಕ್ಕೂ ನೀರು ಜಿನುಗುವ ರೀತಿ ಬೇರೆ. ಆ ವ್ಯತ್ಯಾಸವನ್ನು ಅಳೆಯುವುದು ಎರಡೂ ಕಡೆಯವರಿಗೆ ಬೇಕಾದ ಪ್ರಶ್ನೆ, ಒಬ್ಬರಿಂದಲೇ ಆಗುವುದಲ್ಲ. ದೇವಣಿ ದನಗಳ ಸೀಮೆಯಾದ ಬೀದರ್‌ನ ಪಶುವೈದ್ಯರಿಗೂ ಇದೇ ಮಾತು ಅನ್ವಯ. ಬಿಸಿಲು ತಡೆಯುವ ತಳಿಗಳ ಬಗ್ಗೆ ಅವರು ಮಾತಾಡಬೇಕಾದ್ದು ಕೀನ್ಯಾ, ಇಥಿಯೋಪಿಯಾ, ಬ್ರೆಜಿಲ್ ಜೊತೆ. ಚಳಿ ದೇಶದ ವಿಶ್ವವಿದ್ಯಾಲಯಕ್ಕೆ ಈ ಪ್ರಶ್ನೆ ಪ್ರಬಂಧದ ವಸ್ತು, ಆ ದೇಶಗಳಿಗೆ ಬದುಕಿನ ವಸ್ತು.

ಯಜ್ದ್ ಜೊತೆ ಕೆಲಸ ಮಾಡಲು ಒಂದು ದೊಡ್ಡ ಅಡ್ಡಿ ಇದೆ. ಅಮೆರಿಕದ ನಿರ್ಬಂಧಗಳಿಂದಾಗಿ ಇರಾನಿಗೆ ಹಣ ಕಳಿಸುವುದಕ್ಕಾಗಲೀ ಅಲ್ಲಿಂದ ತರಿಸುವುದಕ್ಕಾಗಲೀ ಬ್ಯಾಂಕುಗಳು ಮುಂದೆ ಬರುವುದಿಲ್ಲ. ಹಾಗಾಗಿ ಎರಡೂ ಕಡೆಯವರು ತಮ್ಮ ತಮ್ಮ ಖರ್ಚು ತಾವೇ ನೋಡಿಕೊಳ್ಳುವ ಮಾದರಿಯೊಂದೇ ಉಳಿಯುವುದು. ಬೀದರ್ ಕಡೆಯ ಖರ್ಚಿನ ಪಟ್ಟಿ ಉದ್ದವೇನಿಲ್ಲ: ಗಾಳಿಬಾವಿಗಳಲ್ಲಿ ನೀರಿನ ಮಟ್ಟ ಅಳೆಯುವ ಮೀಟರುಗಳು, ಅವನ್ನು ಬೇಸಿಗೆ ಮಳೆಗಾಲ ಎನ್ನದೆ ಓದಿ ಬರೆಯುವ ಇಬ್ಬರು ಸಂಶೋಧನಾರ್ಥಿಗಳ ಫೆಲೋಶಿಪ್, ಹಳೆಯ ದಾಖಲೆ ಓದಲು ಪರ್ಷಿಯನ್ ಬಲ್ಲ ಒಬ್ಬರ ಸಂಬಳ. ಇಷ್ಟನ್ನು ಜಿಲ್ಲೆಯ ಹಣದಲ್ಲೇ ಹೊಂದಿಸಿ ಐದು ವರ್ಷದ ಅಳತೆ ಕೈಯಲ್ಲಿಟ್ಟುಕೊಂಡರೆ ಒಡಂಬಡಿಕೆಯ ಕರಡನ್ನು ಬೀದರ್‌ನವರೇ ಬರೆದು ಕಳಿಸಬಹುದು.